ಶುಗರ್ ಇಳಿದರೆ ಸಾಕೇ?

ಎಲ್ಲರಿಗೂ ನಮಸ್ಕಾರ.

ನನ್ನ ಹತ್ತಿರ ಬರುವ ಸಕ್ಕರೆ ಕಾಯಿಲೆಯವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇದ್ದೇ ಇರುತ್ತದೆ. ಒಳಗೆ ಹತ್ತು ವರ್ಷದ ಲ್ಯಾಬ್ ಚೀಟಿಗಳು. ಫಾಸ್ಟಿಂಗ್, ಊಟ ಆದಮೇಲಿನದು, ಮೂರು ತಿಂಗಳ ಸರಾಸರಿ, ಎಲ್ಲದರ ಕೆಳಗೂ ಕೆಂಪು ಗೆರೆ. "ಶುಗರ್ ಕಂಟ್ರೋಲಲ್ಲಿದೆ ಡಾಕ್ಟ್ರೇ" ಅನ್ನುತ್ತಾರೆ. ಬಿ.ಪಿ. ಎಷ್ಟಿದೆ ಎಂದು ಕೇಳಿದರೆ ಹೆಂಡತಿಯ ಮುಖ ನೋಡುತ್ತಾರೆ.

ಅವರನ್ನು ಅಂದು ಪ್ರಯೋಜನವಿಲ್ಲ. ನಾವು ವೈದ್ಯರೂ ಬಹಳ ಕಾಲ ಹಾಗೇ ಇದ್ದೆವು. ಸಕ್ಕರೆ ಏರಿದಷ್ಟೂ ಹಾರ್ಟ್ ಅಟ್ಯಾಕ್ ಹೆಚ್ಚು, ಹಾಗಾದರೆ ಇಳಿಸಿದಷ್ಟೂ ಒಳ್ಳೆಯದು. ಲೆಕ್ಕ ಸರಿಯಾಗೇ ಕಾಣುತ್ತದಲ್ಲವೇ?

ಅಮೆರಿಕ, ಕೆನಡಾಗಳಲ್ಲಿ ನಡೆದ 'ಅಕಾರ್ಡ್' ಅಧ್ಯಯನ ಆ ಲೆಕ್ಕವನ್ನೇ ಒರೆಗೆ ಹಚ್ಚಿತು. 10,251 ಜನ. ಎಲ್ಲರೂ ಹೃದಯದ ತೊಂದರೆ ಇದ್ದವರು ಅಥವಾ ಅದರ ಅಪಾಯ ಜಾಸ್ತಿ ಇದ್ದವರು. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿನ ಎಚ್‌ಬಿಎ1ಸಿ, ಅಂದರೆ ಆ ಮೂರು ತಿಂಗಳ ಸರಾಸರಿ, 6ರ ಕೆಳಗೆ ಬರಬೇಕು, ಇನ್ನೊಂದರದು 7ರಿಂದ 7.9ರೊಳಗೆ ಇದ್ದರೆ ಆಯಿತು. 2008ರ ಫೆಬ್ರವರಿಯಲ್ಲಿ ಬಿಗಿ ಹಿಡಿದ ಗುಂಪಿನ ಚಿಕಿತ್ಸೆಯನ್ನು ಅರ್ಧಕ್ಕೇ ನಿಲ್ಲಿಸಿದರು. ಅಲ್ಲಿ 257 ಜನ ತೀರಿಕೊಂಡಿದ್ದರು, ಸಡಿಲ ಬಿಟ್ಟ ಗುಂಪಿನಲ್ಲಿ 203. ಬಿಗಿ ಹಿಡಿದವರಲ್ಲಿ ಲೋ ಶುಗರ್ ಆಗುವುದು ಹೆಚ್ಚಿತ್ತು ನಿಜ, ಆದರೆ ಸಾವಿಗೆ ಅದೇ ಕಾರಣ ಎಂದು ಇವತ್ತಿಗೂ ಬೆರಳಿಟ್ಟು ತೋರಿಸಲಾಗಿಲ್ಲ.

ಇದನ್ನು ಕೇಳಿ ನಾಳೆಯಿಂದ ಮಾತ್ರೆ ಬಿಡಬೇಡಿ, ದಯವಿಟ್ಟು! ಬ್ರಿಟನ್ನಿನ ಯುಕೆಪಿಡಿಎಸ್ ಎಂಬ ಅಧ್ಯಯನ 1977ರಲ್ಲಿ ಶುರುವಾಗಿದ್ದು, ಹೊಸದಾಗಿ ಕಾಯಿಲೆ ಬಂದವರ ಮೇಲೆ. ಮೊದಲಿನಿಂದಲೇ ಹತೋಟಿಯಲ್ಲಿಟ್ಟವರಲ್ಲಿ ಕಣ್ಣು, ಕಿಡ್ನಿಯಂಥ ಸಣ್ಣ ರಕ್ತನಾಳಗಳ ತೊಂದರೆ ಕಾಲು ಭಾಗ ತಗ್ಗಿತು. ಹೃದಯಕ್ಕೆ ಸಿಕ್ಕ ಲಾಭ ಸ್ಪಷ್ಟವಾಗಿ ಕಂಡಿದ್ದು ಮತ್ತೆ ಹತ್ತು ವರ್ಷ ಕಾದಮೇಲೆ. ಅದೇ ಅಧ್ಯಯನದಲ್ಲಿ ಬಿ.ಪಿ.ಯನ್ನು 154/87ರ ಬದಲು 144/82ರಲ್ಲಿ ಇಟ್ಟವರಿಗೆ ಪಾರ್ಶ್ವವಾಯು 44% ಕಡಿಮೆ. ಹತ್ತೇ ಹತ್ತು ಅಂಕದ ವ್ಯತ್ಯಾಸ. ಆ ಚೀಟಿಗೆ ಮಾತ್ರ ಯಾರೂ ಕೆಂಪು ಗೆರೆ ಎಳೆಯುವುದಿಲ್ಲ.

ಈಗ ಒಂದು ಇರುವೆಯ ವಿಷಯ. ಮೂತ್ರಕ್ಕೆ ಇರುವೆ ಮುತ್ತಿದರೆ ಸಕ್ಕರೆ ಕಾಯಿಲೆ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆ ಬೇಕೆಂದೇ ಸಕ್ಕರೆಯನ್ನು ಮೂತ್ರಕ್ಕೆ ತಳ್ಳುತ್ತದೆ! ಈ ಜಾತಿಯ ಔಷಧಗಳ ಮೂಲ 1835ರಲ್ಲಿ ಸೇಬಿನ ಮರದ ತೊಗಟೆಯಿಂದ ತೆಗೆದ ಒಂದು ವಸ್ತು. 2015ರಲ್ಲಿ, ಮೊದಲೇ ಹೃದ್ರೋಗ ಇದ್ದ 7,020 ಜನರ ಅಧ್ಯಯನ ಹೊರಬಂತು. ಸುಮಾರು ಮೂರು ವರ್ಷದಲ್ಲಿ ಹೃದಯ, ರಕ್ತನಾಳದ ಕಾಯಿಲೆಯಿಂದ ಸತ್ತವರು ಈ ಮಾತ್ರೆ ಇಲ್ಲದ ಗುಂಪಿನಲ್ಲಿ 5.9%, ಮಾತ್ರೆ ತಗೊಂಡ ಗುಂಪಿನಲ್ಲಿ 3.7%. ಸಕ್ಕರೆ ಅಷ್ಟೇನೂ ಇಳಿದಿರಲಿಲ್ಲ, ನನಗೆ ಆಗ ಬೆರಗಾಗಿದ್ದು ಅದಕ್ಕೇ.

2025ರ ಮಾರ್ಚಿನಲ್ಲಿ ಇಲ್ಲಿ ಅದರ ಪೇಟೆಂಟ್ ಮುಗಿದು ಬೆಲೆ ಧಡಕ್ಕನೆ ಇಳಿಯಿತು. ಹಾಗಂತ ನೀವೇ ಮೆಡಿಕಲ್ ಶಾಪಿಗೆ ಹೋಗಿ ತರಬೇಡಿ. ಮೂತ್ರದ ಜಾಗದಲ್ಲಿ ನವೆ, ಸೋಂಕು ಬರಬಹುದು. ವಾಂತಿ ಭೇದಿ ಆದ ದಿನ ನಿಲ್ಲಿಸಬೇಕಾಗುತ್ತದೆ. ಏಕಾದಶಿ, ರಂಜಾನ್ ಉಪವಾಸ ಮಾಡುವವರು ಮೊದಲೇ ಡಾಕ್ಟರಿಗೆ ಹೇಳಿ.

ಪ್ರಶ್ನೆ ಇದ್ದರೆ ಕೇಳಿ. ಹಿಂದಿನ ಬಾಗಿಲ ಹತ್ತಿರ ಸಿಸ್ಟರ್ ಬಿ.ಪಿ. ಮೆಷಿನ್ ಇಟ್ಟುಕೊಂಡು ಕೂತಿದ್ದಾರೆ. ಕಾಫಿ ಕುಡಿಯುವ ಮುಂಚೆ ಅವರ ಹತ್ತಿರ ಹೋಗಿ, ಕುಡಿದಮೇಲೆ ಅಲ್ಲ.