ಹಕ್ಕಿಯ ಹಿಂದೆ ಹೋಗಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಳಿಗ್ಗೆ ವಾಕಿಂಗ್‌ಗೆ ಕ್ಯಾಮೆರಾ ನೇತುಹಾಕಿಕೊಂಡು ಬರುವವರು ಈಗ ಜಾಸ್ತಿಯಾಗಿದ್ದಾರೆ. ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ದಿನಾ ನೋಡುತ್ತೇನೆ. ನನಗೆ ತುಂಬ ಖುಷಿಯಾಗುತ್ತದೆ. ಆದರೆ ಅವರೆಲ್ಲ ನನ್ನನ್ನು ನಿಲ್ಲಿಸಿ ಕೇಳುವುದು ಒಂದೇ ಪ್ರಶ್ನೆ. "ಮೇಡಂ, ಯಾವ ಲೆನ್ಸ್ ತಗೊಳ್ಳಲಿ?" ಲೆನ್ಸಿನ ವಿಷಯ ಆಮೇಲೆ ನೋಡೋಣ. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಒಂದೇ ಮಾತು. ಹಕ್ಕಿಯ ಹಿಂದೆ ಹೋಗಬೇಡಿ. ಒಂದು ಕಡೆ ಕೂತ್ಕೊಳ್ಳಿ.

ಹೆಜ್ಜಾರ್ಲೆ, ಕೊಕ್ಕರೆಗಳ ಕಥೆ ಬೇರೆ. ಅವು ದೊಡ್ಡವು. ನಿಂತಲ್ಲೇ ಅರ್ಧ ಗಂಟೆ ನಿಂತಿರುತ್ತವೆ. ನಾನು ಹೇಳುತ್ತಿರುವುದು ಸೂರಕ್ಕಿ, ಟುವ್ವಿ, ಬೆಳ್ಗಣ್ಣ, ಬದನಿಕೆ ಹಕ್ಕಿ, ಇಂಥ ಪುಟಾಣಿಗಳ ವಿಷಯ. ಅಷ್ಟು ಸಣ್ಣ ಮೈಗೆ ದಿನವಿಡೀ ಊಟ ಬೇಕು. ಸ್ವಲ್ಪ ಸ್ವಲ್ಪ, ಮತ್ತೆ ಮತ್ತೆ. ನೀವು ನಾಲ್ಕು ಹೆಜ್ಜೆ ಹತ್ತಿರ ಹೋದರೆ ಅದು ಊಟ ಬಿಟ್ಟು ಹಾರುತ್ತದೆ. ನೀವು ಮತ್ತೆ ಹೋಗುತ್ತೀರಿ, ಅದು ಮತ್ತೆ ಹಾರುತ್ತದೆ. ನಿಮಗೆ ಬಾಲದ ಫೋಟೊ ಸಿಗುತ್ತದೆ, ಅದಕ್ಕೆ ಉಪವಾಸ.

ನನಗೆ ಇದನ್ನು ಕಲಿಸಿದವರ ವಿಷಯ ಹೇಳುತ್ತೇನೆ. ಆಗ ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತಿದ್ದೆ. ಬದನಿಕೆ ಹಕ್ಕಿಯ ಹುಚ್ಚು ಹಿಡಿದಿತ್ತು. ಕೊಕ್ಕಿನಿಂದ ಬಾಲದವರೆಗೆ ಅಳೆದರೆ ಬರೀ 8 ಸೆಂಟಿಮೀಟರ್. ನಮ್ಮ ದೇಶದ ಅತಿ ಪುಟ್ಟ ಹಕ್ಕಿಗಳಲ್ಲಿ ಅದೂ ಒಂದು. ಬೂದು ಮೈ, ಅಂಥ ಬಣ್ಣವೇನೂ ಇಲ್ಲ. ಮರದ ತುದಿಯಲ್ಲಿ ಚಿಕ್ ಚಿಕ್ ಅನ್ನುತ್ತದೆ. ನಾವು ತಲೆ ಎತ್ತುವಷ್ಟರಲ್ಲಿ ಪಕ್ಕದ ಮರದಲ್ಲಿರುತ್ತದೆ. ಮಾವಿನ ಮರದ ಮೇಲೆ ಬೆಳೆಯುವ ಬದನಿಕೆ ಗಿಡ ರೈತರಿಗೆ ಗೊತ್ತಲ್ಲ, ಕೆಲವು ಕಡೆ ಬಂದಳಿಕೆ ಅನ್ನುತ್ತೀರಿ. ಅದರ ಹಣ್ಣು ಅಂದರೆ ಇದಕ್ಕೆ ಪ್ರಾಣ. ಹಣ್ಣು ನುಂಗಿದ ಕೆಲವೇ ನಿಮಿಷದಲ್ಲಿ ಅಂಟಂಟು ಬೀಜ ಹಿಕ್ಕೆಯಲ್ಲಿ ಹೊರಗೆ ಬರುತ್ತದೆ. ಅದನ್ನು ಕೊಂಬೆಗೆ ಒರೆಸಿ ಹೋಗುತ್ತದೆ. ಬೀಜ ಅಲ್ಲೇ ಮೊಳೆಯುತ್ತದೆ. ತನ್ನ ತೋಟವನ್ನು ತಾನೇ ಬೆಳೆಸಿಕೊಳ್ಳುವ ಹಕ್ಕಿ! ಮಾವು ಬೆಳೆಯುವವರಿಗೆ ಇದರಿಂದ ಬೇಜಾರು, ನನಗೆ ಗೊತ್ತು. ಆದರೂ ನನಗೆ ಅದನ್ನು ಎಷ್ಟು ನೋಡಿದರೂ ಸಾಲದು.

ಎರಡು ವಾರ ಅದರ ಹಿಂದೆ ಸುತ್ತಿದೆ. ಆಗಿನದು ರೀಲಿನ ಕ್ಯಾಮೆರಾ. ಒಂದು ರೀಲಿಗೆ 36 ಫೋಟೊ. ಎರಡು ರೀಲು ತೊಳೆಸಿ ನೋಡಿದರೆ ಬರೀ ಎಲೆ, ಆಕಾಶ, ಮತ್ತೆ ಎಲೆ.

ನಮ್ಮ ಬೀದಿಯ ಕೊನೆಯಲ್ಲಿ ಒಂದು ಗಸಗಸೆ ಹಣ್ಣಿನ ಮರವಿತ್ತು. ಶಾಲೆಯಿಂದ ಬರುವ ಮಕ್ಕಳು ಕೆಂಪು ಹಣ್ಣು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾರಲ್ಲ, ಅದೇ ಮರ. ಅದರ ನೆರಳಲ್ಲಿ ಒಬ್ಬ ಅಕ್ಕ ಇಸ್ತ್ರಿ ಗಾಡಿ ಇಟ್ಟುಕೊಂಡಿದ್ದರು. ಒಂದು ಭಾನುವಾರ ನಾನು ಏದುಸಿರು ಬಿಡುತ್ತಾ ಅವರ ಮುಂದೆ ಹಾದು ಹೋದೆ. ಅವರು ಇದ್ದಿಲಿಗೆ ಗಾಳಿ ಹಾಕುತ್ತಿದ್ದವರು ತಲೆ ಎತ್ತಿ ಕೇಳಿದರು. "ಟೀಚರಮ್ಮ, ಅದನ್ನ ಯಾಕೆ ಅಟ್ಟಿಸ್ಕೊಂಡು ಹೋಗ್ತೀರಾ? ದಿನಾ ಇಲ್ಲಿಗೇ ಬರುತ್ತೆ. ನನ್ನ ತಲೆ ಮೇಲೇ ಹಣ್ಣು ತಿನ್ನುತ್ತೆ. ಕೂತ್ಕೊಳ್ಳಿ." ಬಟ್ಟೆ ಗಂಟು ಸರಿಸಿ ಸ್ಟೂಲು ಕೊಟ್ಟರು.

ಕೂತೆ. ಹತ್ತು ನಿಮಿಷ ಕಳೆಯಿತು, ಏನೂ ಬರಲಿಲ್ಲ. ಎದ್ದೆ. "ಅಯ್ಯೋ, ಕೂತ್ಕೊಳ್ಳಿ ಅಂದ್ನಲ್ಲ" ಅಂದರು. ಮತ್ತೆ ಕೂತೆ. ಅರ್ಧ ಗಂಟೆ ಆಗಿತ್ತೇನೋ, ಚಿಕ್ ಅಂದಿತು. ನನ್ನಿಂದ ಎಂಟು ಅಡಿ ದೂರದ ಕೊಂಬೆಗೆ ಬಂದು, ಹಣ್ಣಿಗೆ ಕೊಕ್ಕು ಚುಚ್ಚಿ ತಿನ್ನತೊಡಗಿತು. ನಾನು ಅಲ್ಲಿ ಇರುವುದೇ ಅದಕ್ಕೆ ಗೊತ್ತಿಲ್ಲ ಅನ್ನುವ ಹಾಗೆ. ಅದರ ಕಣ್ಣಿನಲ್ಲಿ ಬೆಳಕಿನ ಚುಕ್ಕಿ ಕಾಣುತ್ತಿತ್ತು. ಆ ಫೋಟೊದ ಒಂದು ಪ್ರಿಂಟ್ ಅಕ್ಕನಿಗೆ ಕೊಟ್ಟೆ. ಅನ್ನದ ಅಗುಳು ಹಚ್ಚಿ ಗಾಡಿಯ ತಗಡಿಗೆ ಅಂಟಿಸಿಕೊಂಡರು.

ಆಮೇಲೆ ಯೋಚಿಸಿದಾಗ ಕಾರಣ ಹೊಳೆಯಿತು. ಗಸಗಸೆ ಮರದಲ್ಲಿ ವರ್ಷವಿಡೀ ಹಣ್ಣು. ಎಲ್ಲ ಒಟ್ಟಿಗೆ ಮಾಗುವುದಿಲ್ಲ, ದಿನಕ್ಕೆ ಒಂದಿಷ್ಟು. ಹಾಗಾಗಿ ಹಕ್ಕಿ ದಿನಾ ಬರುತ್ತದೆ. ಕೊಂಬೆಗಳೂ ಅಡ್ಡಡ್ಡ ಹರಡಿ ಬೆಳೆಯುವುದರಿಂದ ಹಕ್ಕಿ ನಮ್ಮ ಕಣ್ಣಿನ ಮಟ್ಟಕ್ಕೇ ಇಳಿಯುತ್ತದೆ. ಹಾಗಾದರೆ ನೀವು ವಾಕಿಂಗಿನಲ್ಲಿ ಹುಡುಕಬೇಕಾದದ್ದು ಏನು? ಹಕ್ಕಿಯ ಊಟ. ಕೆಂಪು ದಾಸವಾಳ ಅರಳಿದ್ದರೆ ಸೂರಕ್ಕಿ ಬರುತ್ತದೆ. ಹುಲ್ಲು ತೆನೆ ಬಿಟ್ಟಿದ್ದರೆ ರಾಟವಾಳ ಬರುತ್ತದೆ. ಕಳ್ಳಿಪೀರ ತಂತಿಯಿಂದ ಹಾರಿ ಜೇನುನೊಣ ಹಿಡಿದು ಮತ್ತೆ ಅದೇ ತಂತಿಗೆ ವಾಪಸ್ ಬರುತ್ತದೆ, ಗಮನಿಸಿ ನೋಡಿ. ಊಟದ ಜಾಗ ಗೊತ್ತಾಯಿತಾ? ಅಲ್ಲಿ ಕೂತ್ಕೊಳ್ಳಿ.

ಅಯ್ಯೋ, ಸಮಯ ಓಡುತ್ತಿದೆ. ಲೆನ್ಸ್ ಕೇಳಿದ್ದಿರಲ್ಲ, ಕೂರುವ ತಾಳ್ಮೆ ಇದ್ದರೆ 300 ಮಿಲಿಮೀಟರ್ ಸಾಕು. ಸೂರ್ಯ ನಿಮ್ಮ ಬೆನ್ನ ಹಿಂದೆ ಇರಲಿ. ಶಟರ್ ವೇಗ 1/1000 ಸೆಕೆಂಡ್ ಇಡಿ. ಫೋಕಸ್ ಹಕ್ಕಿಯ ಕಣ್ಣಿಗೆ. ಮೊಬೈಲ್ ಮಾತ್ರ ಇದ್ದರೆ ಮನೆಯ ದಾಸವಾಳದ ಮುಂದೆ ಕೂತ್ಕೊಳ್ಳಿ. ಅಷ್ಟೇ.

ಗೂಡಿನ ವಿಷಯ ಮಾತ್ರ ಬಿಡುವ ಹಾಗಿಲ್ಲ. ದಯವಿಟ್ಟು ಗೂಡಿನ ಹತ್ತಿರ ಹೋಗಬೇಡಿ. ಎಲೆ ಸರಿಸಿ, ಕೊಂಬೆ ಮುರಿದು ಫೋಟೊ ತೆಗೆದರೆ ಆ ದಾರಿಯಲ್ಲೇ ಕಾಗೆ ಬರುತ್ತದೆ, ಬೆಕ್ಕು ಬರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಕ್ಕಿಯ ಗೂಡು, ಮೊಟ್ಟೆಗೆ ತೊಂದರೆ ಕೊಡುವುದನ್ನೂ ಬೇಟೆಯ ಲೆಕ್ಕಕ್ಕೇ ಸೇರಿಸಿದೆ. ಬಾಯಲ್ಲಿ ಹುಳ ಹಿಡಿದ ಹಕ್ಕಿ ಅದನ್ನು ತಿನ್ನದೆ ನಿಮ್ಮನ್ನೇ ನೋಡುತ್ತಾ ಕೂತಿದೆ ಅಂದರೆ ಮರಿಗಳು ಹತ್ತಿರದಲ್ಲೇ ಇವೆ. ಎದ್ದು ದೂರ ಹೋಗಿಬಿಡಿ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದೂ ಬೇಡ. ಇನ್ನೊಂದು ಹಕ್ಕಿ ತನ್ನ ಜಾಗಕ್ಕೆ ನುಗ್ಗಿತು ಅಂತ ಅದು ಗಾಬರಿಯಾಗುತ್ತದೆ, ಪಾಪ.

ಸೆಪ್ಟೆಂಬರ್ ಹೊತ್ತಿಗೆ ಹಿಮಾಲಯದ ಕಡೆಯಿಂದ ಬೂದು ಸಿಪಿಲೆ ಬರುತ್ತದೆ. ನಿಮ್ಮೂರಿನ ಹಳ್ಳದ ಹತ್ತಿರ ನೋಡಿ, ಹೊಟ್ಟೆ ಹಳದಿ, ಉದ್ದ ಬಾಲ ಕುಣಿಸುತ್ತಾ ಇರುತ್ತದೆ. ನೀರಿನ ಅಂಚಿನಲ್ಲಿ ಒಂದು ಕಲ್ಲಿನ ಮೇಲೆ ಸುಮ್ನೆ ಕೂತಿರಿ. ಅದು ಹುಳ ಹೆಕ್ಕುತ್ತಾ ದಂಡೆಗುಂಟ ನಿಮ್ಮ ಕಡೆಗೇ ನಡೆದುಕೊಂಡು ಬರುತ್ತದೆ.

ನಮಸ್ಕಾರ.