ಲಕ್ವ ಹೊಡೆದಾಗ ಮಾತು ಎಲ್ಲಿಗೆ ಹೋಗುತ್ತದೆ? ನಾಲ್ಕು ಭಾಷೆಯ ಮನೆಗಳಿಗೆ ಮಿದುಳಿನ ಪಾಠ

[ತೆರೆಯ ಮೇಲೆ: ಅಡಿಕೆ ತೋಟದ ನಡುವೆ ಒಂದು ಮನೆ]

ನಮಸ್ಕಾರ. ಬದಿಯಡ್ಕದ ಕಡೆಯ ಒಬ್ಬರು ಅಜ್ಜಿ ಇದ್ದಾರೆ ಅಂದುಕೊಳ್ಳಿ. ಮನೆಯೊಳಗೆ ಹವ್ಯಕ ಕನ್ನಡ. ತೋಟದ ಕೆಲಸಕ್ಕೆ ಬರುವವರ ಜತೆ ತುಳು. ಬಸ್ಸಿನಲ್ಲಿ, ಪಂಚಾಯತ್ ಆಫೀಸಿನಲ್ಲಿ ಮಲಯಾಳ. ಪೇಪರ್ ಓದುವುದು ಶಾಲೆಯಲ್ಲಿ ಕಲಿತ ಕನ್ನಡದಲ್ಲಿ. ಕಾಸರಗೋಡಿನಲ್ಲಿ ಇದೇನೂ ವಿಶೇಷ ಅಲ್ಲ, ಅಲ್ವಾ?

ಒಂದು ಬೆಳಗ್ಗೆ ಅವರಿಗೆ ಲಕ್ವ ಹೊಡೆಯುತ್ತದೆ. ಬಲಗೈ ಏಳುವುದಿಲ್ಲ. ನೀರು ಕೇಳಲು ಬಾಯಿ ತೆರೆದರೆ "ಅದು... ಅದು..." ಅಷ್ಟೇ. "ಪಾಪ, ಇನ್ನು ಅವರಿಗೆ ಏನೂ ಗೊತ್ತಾಗುವುದಿಲ್ಲ" ಅಂತ ಅವರ ಎದುರೇ ಯಾರೋ ಹೇಳುತ್ತಾರೆ. ಎಷ್ಟೋ ಸಲ ಈ ಮಾತು ತಪ್ಪು. ಅದಕ್ಕೇ ಈ ವಿಡಿಯೋ.

[ತೆರೆಯ ಮೇಲೆ: ಮಿದುಳಿನ ಎಡಬದಿ, ಹಣೆಯ ಹಿಂದೆ ಕೆಂಪು ಗುರುತು]

1861, ಪ್ಯಾರಿಸ್. ಪಾಲ್ ಬ್ರೋಕಾ ಎಂಬ ಡಾಕ್ಟರ ಬಳಿಗೆ ಅದೇ ಆಸ್ಪತ್ರೆಯಲ್ಲಿದ್ದ ಲೆಬೋರ್ನ್ ಎಂಬ ರೋಗಿಯನ್ನು ತಂದರು. ಏನು ಕೇಳಿದರೂ ಅವನ ಬಾಯಲ್ಲಿ "ಟಾನ್, ಟಾನ್". ಆಸ್ಪತ್ರೆಗೆ ಬಂದು ಎಷ್ಟು ವರ್ಷ ಆಯಿತು ಅಂತ ಬ್ರೋಕಾ ಕೇಳಿದರು. ಅವನು ಅಂಗೈಯನ್ನು ನಾಲ್ಕು ಸಲ ಬಿಚ್ಚಿ ತೋರಿಸಿ, ಆಮೇಲೆ ಒಂದು ಬೆರಳು ಎತ್ತಿದ. 21. ಲೆಕ್ಕ ಸರಿಯಾಗಿತ್ತು! ಪ್ರಶ್ನೆ ಅರ್ಥವಾಗಿದೆ, ಉತ್ತರ ಗೊತ್ತಿದೆ, ಮಾತು ಮಾತ್ರ ಹೊರಡುತ್ತಿಲ್ಲ. ಅವನು ತೀರಿಕೊಂಡ ಮೇಲೆ ನೋಡಿದರೆ ಎಡ ಮಿದುಳಿನ ಮುಂಭಾಗದಲ್ಲಿ, ಹಣೆಯ ಹಿಂದೆ ಕೆಳಗಡೆ, ಹಾನಿಯಾಗಿತ್ತು.

1874ರಲ್ಲಿ ಕಾರ್ಲ್ ವೆರ್ನಿಕೆ ಇದರ ಉಲ್ಟಾ ತೊಂದರೆಯನ್ನು ವಿವರಿಸಿದರು. ಅಂಥವರ ಮಾತು ಸರಾಗ, ಆದರೆ ಅರ್ಥ ಕೂಡುವುದಿಲ್ಲ. ಬೇರೆಯವರ ಮಾತೂ ಸರಿಯಾಗಿ ತಿಳಿಯುವುದಿಲ್ಲ. ಅವರಲ್ಲಿ ಪೆಟ್ಟು ಬಿದ್ದದ್ದು ಕಿವಿಯ ಹತ್ತಿರದ ಭಾಗಕ್ಕೆ.

ಎಡ ಮಿದುಳು ಬಲಬದಿಯ ಕೈಕಾಲನ್ನು ನಡೆಸುತ್ತದೆ. ಹೆಚ್ಚಿನವರಲ್ಲಿ ಮಾತೂ ಎಡಗಡೆಯೇ. ಬಲಗೈ ಬಿದ್ದವರಿಗೆ ಮಾತೂ ಹೋಗುವುದು ಜಾಸ್ತಿ, ಅದು ಇದೇ ಕಾರಣಕ್ಕೆ.

ಸರಿ, ಅಜ್ಜಿಯ ನಾಲ್ಕು ಭಾಷೆಗಳು? ಅವು ಬಹುಪಾಲು ಒಂದೇ ಜಾಗಗಳನ್ನು ಹಂಚಿಕೊಂಡಿರುತ್ತವೆ. ಹಾಗಾಗಿ ಹೆಚ್ಚಿನವರಲ್ಲಿ ಎಲ್ಲ ಭಾಷೆಗಳೂ ಒಟ್ಟಿಗೆ ಕುಗ್ಗುತ್ತವೆ, ಒಟ್ಟಿಗೆ ಚೇತರಿಸುತ್ತವೆ. ಆದರೆ ಎಲ್ಲರಿಗೂ ಹೀಗಲ್ಲ. ಜಾಸ್ತಿ ಬಳಸುತ್ತಿದ್ದ ಭಾಷೆ ಮೊದಲು ಮರಳುತ್ತದೆ ಅಂತ ಫ್ರಾನ್ಸಿನ ಪಿತ್ರ್ ಎಂಬ ಡಾಕ್ಟರು 1895ರಲ್ಲಿ ಬರೆದರು. ಮೊದಲು ಕಲಿತದ್ದೇ ಉಳಿಯುತ್ತದೆ ಅಂತ ಅವರಿಗಿಂತ ಮುಂಚೆ ಫ್ರಾನ್ಸಿನ ಮನಶ್ಶಾಸ್ತ್ರಜ್ಞ ರಿಬೋ ಹೇಳಿದ್ದರು. ರೋಗಿಗಳು ಇಬ್ಬರ ಮಾತನ್ನೂ ಸುಳ್ಳು ಮಾಡಿದ್ದಾರೆ. ಕೆಲವರಿಗೆ ಭಾಷೆಗಳ ನಡುವಿನ ಹಿಡಿತವೇ ತಪ್ಪುತ್ತದೆ: ಎದುರಿಗಿರುವವರಿಗೆ ಕನ್ನಡ ಮಾತ್ರ ಬರುತ್ತದೆ ಅಂತ ಗೊತ್ತಿದ್ದರೂ ಬಾಯಿಗೆ ಬರುವುದು ಬೇರೆ ಭಾಷೆ. ಅದನ್ನು ಅರಳುಮರಳು ಅಂತ ತಳ್ಳಿಹಾಕಬೇಡಿ.

ನನಗೆ ಎಲ್ಲಕ್ಕಿಂತ ಆಶ್ಚರ್ಯ ಅನ್ನಿಸುವುದು ಹಾಡು. "ನೀರು" ಅನ್ನಲಾಗದ ಕೆಲವರು ಸಂಜೆ ಭಜನೆ ಶುರುವಾದರೆ ಜತೆಗೆ ಹಾಡುತ್ತಾರೆ, ಪದಗಳ ಸಮೇತ. ರಾಗಕ್ಕೆ ಬಲ ಮಿದುಳೂ ಕೈಜೋಡಿಸುತ್ತದೆ. ಬಾಯಿಪಾಠದ ಸಾಲುಗಳು ಹೊಸ ವಾಕ್ಯ ಕಟ್ಟಿದಷ್ಟು ಕಷ್ಟ ಕೊಡುವುದಿಲ್ಲ. ರಾಗ ಹಿಡಿದು ಮಾತು ಕಲಿಸುವ ಚಿಕಿತ್ಸೆಯೂ ಇದೆ.

[ತೆರೆಯ ಮೇಲೆ: ಮುಖ, ಕೈ, ಮಾತು, ಸಮಯ]

ಮುಖ ಒಂದು ಕಡೆ ವಾಲಿದರೆ, ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ. ರಕ್ತನಾಳ ಕಟ್ಟಿಕೊಂಡು ಆದ ಲಕ್ವವಾದರೆ, ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಸಮಯ. ಸ್ಕ್ಯಾನಿಂಗ್ ಇರುವ ಆಸ್ಪತ್ರೆಗೇ ನೇರ ಹೋಗಿ.

ಆಮೇಲೆ ಮಾತಿನ ತರಬೇತಿಗೆ ಹೋದಾಗ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ: ಅಜ್ಜಿ ಮೊದಲು ಕಲಿತ ಭಾಷೆ ಯಾವುದು, ಯಾರ ಜತೆ ಯಾವುದು, ಓದಲು ಯಾವುದು. ಮಲಯಾಳದಲ್ಲಿ ಮಾತ್ರ ಪರೀಕ್ಷೆ ಮಾಡಿದರೆ ಅಜ್ಜಿಗೆ ಬರುವ ಅರ್ಧದಷ್ಟೂ ಕಾಣದೇ ಹೋಗಬಹುದು. ಕನ್ನಡದಲ್ಲೂ ಪರೀಕ್ಷೆ ಮಾಡಿ ಅಂತ ಕೇಳಿ. ಮೈಸೂರಿನಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೇ ಕ್ಷೇತ್ರದ್ದು. ಮನೆಯಲ್ಲಿ ಮಾತ್ರ ಹವ್ಯಕದಲ್ಲೇ ಮಾತಾಡಿಸಿ, ನಿಧಾನವಾಗಿ, ಒಂದು ಸಲಕ್ಕೆ ಒಂದೇ ಪ್ರಶ್ನೆ. ಹೌದು ಅಥವಾ ಅಲ್ಲ ಅಂತ ತಲೆಯಾಡಿಸಿದರೂ ಅದು ಉತ್ತರವೇ.