ನೋಡದ ಮನೆಗೆ ಹಾಕುವ ಸಹಿ
(ಐಟಿಐ ಎಲೆಕ್ಟ್ರಿಷಿಯನ್ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಇನ್ನೇನು ನಿಮ್ಮ ಎರಡು ವರ್ಷದ ಕೋರ್ಸ್ ಮುಗಿಯುತ್ತಾ ಬಂತು. ಮುಂದೆ ವೈರ್‌ಮನ್ ಪರ್ಮಿಟ್, ಆಮೇಲೆ ಸೂಪರ್‌ವೈಸರ್ ಪರ್ಮಿಟ್, ದುಡ್ಡು ಧೈರ್ಯ ಎರಡೂ ಕೂಡಿ ಬಂದರೆ ಕಂಟ್ರಾಕ್ಟರ್ ಲೈಸೆನ್ಸ್. ನಮ್ಮ ರಾಜ್ಯದಲ್ಲಿ ಇವನ್ನು ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಅರ್ಜಿ ಹಾಕುವುದು ಹೇಗೆ ಅಂತ ನಿಮ್ಮ ಮೇಷ್ಟ್ರು ಹೇಳಿಕೊಡುತ್ತಾರೆ. ಲೈಸೆನ್ಸ್ ಕೈಗೆ ಬಂದ ಮೇಲಿನ ವಿಷಯ ನಾನು ಮಾತಾಡುತ್ತೇನೆ.

ಬಲ್ಬ್, ಫ್ಯಾನ್, ಫ್ಯೂಸ್, ಸ್ವಿಚ್ ಬದಲಾಯಿಸಲು ಯಾವ ಲೈಸೆನ್ಸೂ ಬೇಡ. ಹೊಸ ಪಾಯಿಂಟ್, ಅಂದರೆ ಹೊಸ ಲೈಟಿಗೋ ಸಾಕೆಟ್ಟಿಗೋ ವೈರ್, ಎಳೆಯಬೇಕೆಂದರೆ ಲೈಸೆನ್ಸ್ ಇರುವ ಕಂಟ್ರಾಕ್ಟರೇ ಬೇಕು, ಪರ್ಮಿಟ್ ಇರುವವರು ನಿಂತು ನೋಡಿಕೊಳ್ಳಬೇಕು. 1956ರ ಭಾರತೀಯ ವಿದ್ಯುತ್ ನಿಯಮಾವಳಿಯ 45ನೇ ನಿಯಮ ಇದನ್ನೇ ಹೇಳಿತ್ತು. 2010ರಲ್ಲಿ, ಮತ್ತೆ 2023ರಲ್ಲಿ ಹೊಸ ನಿಯಮಗಳು ಬಂದವು. ತಿರುಳು ಮಾತ್ರ ಅದೇ. ಹೊಸ ಮನೆಗೆ ಕರೆಂಟ್ ಬೇಕಾದರೆ ವೈರಿಂಗ್ ಪರೀಕ್ಷಿಸಿದ ಟೆಸ್ಟ್ ರಿಪೋರ್ಟಿಗೆ ಕಂಟ್ರಾಕ್ಟರ್ ಸಹಿ ಹಾಕಬೇಕು.

ಈ ಸಹಿಗೇ ಈಗ ಒಂದು ರೇಟಿದೆ. ವೈರಿಂಗ್ ಯಾರದೋ, ಸಹಿ ಇನ್ಯಾರದೋ. ವೈರಿಂಗ್ ಮಾಡಿಸಿದವರು ನಿಮ್ಮ ಹತ್ತಿರವೂ ಬಂದು ಸಹಿ ಕೇಳುತ್ತಾರೆ: "ನಮ್ಮ ಹುಡುಗರು ಚೆನ್ನಾಗಿ ಕೆಲಸ ಮಾಡ್ತಾರೆ ಸಾರ್, ನೀವು ಬರೋದೇ ಬೇಡ." ಹುಡುಗರು ಚೆನ್ನಾಗಿ ಮಾಡುತ್ತಾರೆ, ಸುಳ್ಳಲ್ಲ. ಪರ್ಮಿಟ್ ಇರುವ ಎಷ್ಟೋ ಜನರಿಗಿಂತ ಅವರ ಕೈ ಓಡುತ್ತದೆ. ಆದರೆ ಪಾಯಿಂಟ್ ಲೆಕ್ಕದಲ್ಲಿ ಕೂಲಿ ಪಡೆಯುವವರು ಪರೀಕ್ಷೆಗೆ ಯಾಕೆ ನಿಲ್ಲುತ್ತಾರೆ? ಟೆಸ್ಟಿಂಗ್‌ಗೆ ಯಾರೂ ಪಾಯಿಂಟ್ ಲೆಕ್ಕ ಹಾಕುವುದಿಲ್ಲವಲ್ಲ.

ಒಂದು ಉದಾಹರಣೆ ನೋಡೋಣ. ಗೀಸರ್ ಸಾಕೆಟ್ಟಿಗೆ ಅರ್ಥ್ ವೈರ್, ಅಂದರೆ ಲೀಕಾದ ಕರೆಂಟನ್ನು ನೆಲಕ್ಕೆ ಒಯ್ಯುವ ವೈರ್, ಎಳೆಯಲು ಮರೆತಿದ್ದಾರೆ, ಇಲ್ಲವೇ ವೈರ್ ಉಳಿಸಿದ್ದಾರೆ. ಏನು ಮಾಡುತ್ತಾರೆ? ಸಾಕೆಟ್ಟಿನ ಒಳಗೇ, ಕರೆಂಟ್ ವಾಪಸ್ ಹೋಗುವ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ವೈರಿನ ಲೂಪ್ ಕೊಟ್ಟುಬಿಡುತ್ತಾರೆ. ಟೆಸ್ಟ್ ಲ್ಯಾಂಪನ್ನು ಕರೆಂಟ್ ಬರುವ ಫೇಸಿಗೂ ಅರ್ಥಿಗೂ ಹಿಡಿದರೆ ಚೆನ್ನಾಗಿ ಉರಿಯುತ್ತದೆ. ಮನೆಯವರು ನೋಡಿ ಖುಷಿಪಡುತ್ತಾರೆ. ಮುಂದೆ ಎಂದೋ ಒಂದು ದಿನ ನ್ಯೂಟ್ರಲ್ ಕಟ್ಟಾಗುತ್ತದೆ. ಆಗ ಮನೆಯಲ್ಲಿ ಯಾರೋ ಒಂದು ಬಲ್ಬ್ ಹಾಕಿದರೂ ಸಾಕು, ಫೇಸ್ ಆ ಬಲ್ಬಿನ ಮೂಲಕ ಹಾದು, ಆ ಲೂಪ್ ದಾಟಿ ಬಂದು ಗೀಸರಿನ ಮೈಯಲ್ಲಿ ಕೂರುತ್ತದೆ. ಗೀಸರ್ ಕೆಟ್ಟಿಲ್ಲ, ಎಲಿಮೆಂಟ್ ಸುಟ್ಟಿಲ್ಲ. ನಲ್ಲಿ ಹಿಡಿದವರಿಗೆ ಮಾತ್ರ ಶಾಕ್.

ಇದನ್ನು ಹಿಡಿಯುವುದು ಕಷ್ಟವೇ? ಮೇನ್ ಆಫ್ ಮಾಡಿ, ಪ್ಲಗ್‌ಗಳನ್ನೆಲ್ಲ ಕಿತ್ತು, ಆ ಸಾಕೆಟ್ಟಿನ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಇನ್ಸುಲೇಷನ್ ರೆಸಿಸ್ಟೆನ್ಸ್ ಅಳೆಯುವ 500 ವೋಲ್ಟಿನ ಮೆಗ್ಗರ್ ಹಚ್ಚಿ. ಲೂಪ್ ಇದ್ದರೆ ಮುಳ್ಳು ಸೊನ್ನೆಗೆ ಬೀಳುತ್ತದೆ. ಕನಿಷ್ಠ 1 ಮೆಗಾ ಓಮ್ ಇರಬೇಕೆಂಬುದು ನೀವು ಬಾಯಿಪಾಠ ಮಾಡಿದ ಅಂಕಿಯೇ. ಸೈಟಿಗೇ ಹೋಗದವನು ರಿಪೋರ್ಟಿನಲ್ಲಿ ಆ ಅಂಕಿ ಎಲ್ಲಿಂದ ತಂದು ಬರೆಯುತ್ತಾನೆ? ಅದಕ್ಕೇ ನನ್ನ ಪ್ರಕಾರ ಸಹಿ ಮಾರುವವನ ತಪ್ಪು ಲೂಪ್ ಹಾಕಿದ ಹುಡುಗನಿಗಿಂತ ದೊಡ್ಡದು. ಹುಡುಗನಿಗೆ ಗೊತ್ತಿಲ್ಲದಿರಬಹುದು. ಇವನಿಗೆ ಗೊತ್ತು.

ಕರೆಂಟ್ ಲೀಕಾದರೆ ತಾನೇ ಆಫ್ ಆಗುವ ಸ್ವಿಚ್, ಆರ್‌ಸಿಸಿಬಿ, ಅದರ ವಿಷಯವೂ ಹೀಗೇ. ಕರೆಂಟ್ ಮಿತಿ ಮೀರಿದರೆ ಆಫ್ ಆಗುವ 16 ಆಂಪಿಯರ್ ಎಂಸಿಬಿ ವೈರನ್ನು ಕಾಯುತ್ತದೆ, ಮನುಷ್ಯನನ್ನಲ್ಲ. ಎದೆಯ ಮೂಲಕ 100 ಮಿಲಿ ಆಂಪಿಯರ್ ಹರಿದರೂ ಪ್ರಾಣ ಹೋಗಬಹುದು, ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರುವುದು ಅದಕ್ಕೆ. ಮಳೆಗಾಲದಲ್ಲಿ ಅದು ಪದೇಪದೇ ಆಫ್ ಆದರೆ ಮನೆಯವರು "ಅದನ್ನು ತೆಗೆದುಬಿಡಪ್ಪ" ಅನ್ನುತ್ತಾರೆ. ಬೈಪಾಸ್ ಮಾಡಲು ಐದು ನಿಮಿಷ ಸಾಕು. ಲೀಕೇಜ್ ಹುಡುಕಲು ಅರ್ಧ ದಿನ ಬೇಕು. ಬೈಪಾಸ್ ಮಾಡಿದವನಿಗೆ "ಜಾಣ" ಅನ್ನುತ್ತಾರೆ, ಹುಡುಕುವವನ ಜೊತೆ ಚೌಕಾಸಿ ಮಾಡುತ್ತಾರೆ. ಬೇಜಾರಿನ ವಿಷಯ, ಆದರೆ ಇರುವುದೇ ಹೀಗೆ.

"ಅರ್ಧ ದಿನದ ದುಡ್ಡು ಯಾರು ಕೊಡ್ತಾರೆ ಸಾರ್?" ಅಂತ ನೀವು ಕೇಳುತ್ತೀರಿ. ಸುಮ್ನೆ ಯಾರೂ ಕೊಡುವುದಿಲ್ಲ. ಕೊಟೇಶನ್ ಬರೆಯುವಾಗಲೇ ಟೆಸ್ಟಿಂಗ್‌ಗೆ ಬೇರೆ ಸಾಲು ಹಾಕಿ, ಬೇರೆ ಮೊತ್ತ ಬರೆಯಿರಿ. ಮೆಗ್ಗರ್ ರೀಡಿಂಗನ್ನು ಸರ್ಕ್ಯೂಟ್ ಪ್ರಕಾರ, ತಾರೀಖು ಹಾಕಿ ಬರೆದು, ಒಂದು ಪ್ರತಿ ಮನೆಯವರಿಗೆ ಕೊಡಿ. ಅರ್ಥ್ ವೈರ್ ನೆಲ ಸೇರುವ ಗುಂಡಿಯ, ಅಂದರೆ ಅರ್ಥ್ ಪಿಟ್ಟಿನ, ರೀಡಿಂಗೂ ಅದರಲ್ಲಿರಲಿ. ಆ ಸಾಲನ್ನು ಹೊಡೆದುಹಾಕಿ ಅಂತ ಹಟ ಹಿಡಿಯುವ ಗಿರಾಕಿಯ ಕೆಲಸ ಬಿಟ್ಟುಬಿಡಿ. ಮೊದಲ ವರ್ಷ ಕೆಲಸ ಕಡಿಮೆ ಸಿಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಈಗ ಮೆಗ್ಗರ್ ತರಿಸಿದ್ದೇನೆ, ಹಿಂದಿನ ಬೆಂಚಿನವರು ಮುಂದೆ ಬನ್ನಿ.